ಮಾಳಿಗೆ ಮನೆಗಳ ಸೀಮೆಯಲ್ಲಿ ಕ್ಷಮೆಯ ಕಥೆ

ಬಳ್ಳಾರಿಗೆ ಯಾವ ದಿಕ್ಕಿನಿಂದ ಬಂದರೂ ಮೊದಲು ಕಣ್ಣಿಗೆ ಬೀಳುವುದು ಬೋಳು ಬಂಡೆಯ ಬೆಟ್ಟ ಮತ್ತು ಅದರ ನೆತ್ತಿಯ ಮೇಲಿನ ಕೋಟೆ. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಈ ಬಂಡೆ ಕತ್ತಲಾದ ಮೇಲೂ ಬಹಳ ಹೊತ್ತು ಬಿಸಿ ಉಗುಳುತ್ತಿರುತ್ತದೆ. ಬಿಸಿಲಿಗೆ ಹೆಸರಾದ ಈ ಊರಿಗೆ ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಹಿರಿಮೆ ಇದೆ. ಬೈಬಲ್ ಕನ್ನಡದಲ್ಲಿ ಮಾತಾಡಲು ಕಲಿತದ್ದು ಇಲ್ಲಿ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ವಿಲಿಯಂ ರೀವ್ ಮೊದಲಾದವರ ಜೊತೆ ಅನುವಾದಕ್ಕೆ ಕುಳಿತರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಕನ್ನಡ ನಿಘಂಟನ್ನು ರಚಿಸಿದ ರೀವ್ ಇವರೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1844ರಲ್ಲಿ ‘ಕನ್ನಡ ಸಮಾಚಾರ’ವಾಗಿ ಮುದ್ರಣಗೊಂಡದ್ದೂ ಬಳ್ಳಾರಿಯ ಅಚ್ಚುಕೂಟದಲ್ಲಿಯೇ. ಎರಡು ವರ್ಷಗಳ ನಂತರ ಹುಟ್ಟಿದ ವಾರ್ಡ್ಲಾ ಶಾಲೆಯಲ್ಲಿ ಈ ಸೀಮೆಯ ಎಷ್ಟೋ ತಲೆಮಾರುಗಳು ಅಕ್ಷರ ಕಲಿತಿವೆ.

ಹೀಗೆ ಕನ್ನಡಕ್ಕೆ ಬಂದ ಕಥೆಗಳಲ್ಲಿ ಒಂದನ್ನು ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಕಪೆರ್ನೌಮ್ ಎಂಬ ಊರಿನ ಒಂದು ಮನೆಯಲ್ಲಿ ಯೇಸು ಬೋಧಿಸುತ್ತಿದ್ದರು. ಬಾಗಿಲ ತನಕ ಜನ. ಪಾರ್ಶ್ವವಾಯು ಬಡಿದಿದ್ದ ಒಬ್ಬನನ್ನು ನಾಲ್ವರು ಹೊತ್ತು ತಂದರು; ಒಳಗೆ ಹೋಗಲು ದಾರಿ ಸಿಗಲಿಲ್ಲ. ಮಾಳಿಗೆ ಹತ್ತಿದರು, ಮಣ್ಣು ಅಗೆದು ಕಿಂಡಿ ಮಾಡಿದರು, ರೋಗಿಯನ್ನು ಹಾಸಿಗೆ ಸಮೇತ ಇಳಿಬಿಟ್ಟರು.

ಕುರುಗೋಡಿನ ಸೂರು

ಮಂಗಳೂರಿನ ಇಳಿಜಾರು ಹೆಂಚಿನ ಮನೆಯಲ್ಲಿ ಬೆಳೆದ ಮಗು, ‘ಸೂರು ಅಗೆಯುವುದೆಂದರೇನು?’ ಎಂದು ಕೇಳೀತು. ಬಳ್ಳಾರಿಯಿಂದ ಸುಮಾರು 30 ಕಿ.ಮೀ. ದೂರದ ಕುರುಗೋಡಿನ ಮಗು ಕೇಳಲಾರದು. ದೊಡ್ಡಬಸವೇಶ್ವರನ ಏಕಶಿಲಾ ಮೂರ್ತಿಯಿಂದ ಹೆಸರಾದ ಈ ಊರಿನ ಸುತ್ತಮುತ್ತ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ನಡುವೆ ಒಂದು ಬೆಳಕಿಂಡಿ.

ಮಳೆ ಕಡಿಮೆ ಇರುವ ಕಡೆ ಮಟ್ಟಸವಾದ ಮಾಳಿಗೆ ಸಾಕು. ಸೋರದಂತೆ ಕಾಯುವುದು ಸವಳು ಮಣ್ಣು. ಸೋಡಿಯಂ ಹೆಚ್ಚಿರುವ ಅದರ ಜೇಡಿಕಣಗಳು ನೀರು ತಾಕಿದೊಡನೆ ಉಬ್ಬಿ, ಚದುರಿ, ಸಂದುಗಳನ್ನು ಮುಚ್ಚಿಬಿಡುತ್ತವೆ. ಪೈರಿಗೆ ಶತ್ರುವಾದ ಮಣ್ಣು ಸೂರಿಗೆ ಮಿತ್ರ! ಗಲಿಲಾಯದ ಕಪ್ಪು ಕಲ್ಲಿನ ಮನೆಗಳಿಗೂ ಮರದ ದಿಮ್ಮಿ, ರೆಂಬೆ ಹಾಗೂ ಮಣ್ಣಿನದೇ ಮುಚ್ಚಿಗೆ ಇತ್ತೆಂದು ಉತ್ಖನನಗಳು ತಿಳಿಸಿವೆ. ಲೂಕನ ಸುವಾರ್ತೆಯಲ್ಲಿ ಹೆಂಚಿನ ಮಾತು ಬಂದರೂ, ಅಗೆದರೆಂದು ಬರೆದವನು ಮಾರ್ಕನು.

ಯಾವುದು ಸುಲಭ?

ಕಥೆಯ ತಿರುಳು ಇರುವುದು ಮುಂದೆ. ಎಲ್ಲರೂ ರೋಗಿ ಎದ್ದು ನಡೆಯುವುದನ್ನು ಕಾಯುತ್ತಿದ್ದಾಗ ಯೇಸು ಮೊದಲು ಹೇಳಿದ್ದು, ಅವನ ಪಾಪಗಳಿಗೆ ಕ್ಷಮೆಯಾಯಿತೆಂದು. ಅಲ್ಲಿದ್ದ ಶಾಸ್ತ್ರಿಗಳಿಗೆ ಇದು ದೇವದೂಷಣೆಯಾಗಿ ಕಂಡಿತು. ಕ್ಷಮಿಸುವ ಅಧಿಕಾರ ದೇವರದಲ್ಲದೆ ಮತ್ತಾರದು? ಅದಕ್ಕೆ ಯೇಸು ಮರುಪ್ರಶ್ನೆ ಹಾಕಿದರು: ಕ್ಷಮೆಯಾಯಿತು ಎನ್ನುವುದು ಸುಲಭವೋ, ಎದ್ದು ನಡೆ ಎನ್ನುವುದು ಸುಲಭವೋ?

ವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಗಮನಿಸಬೇಕು. ಮೊದಲನೆಯ ಮಾತನ್ನು ಯಾರೂ ಪರೀಕ್ಷಿಸಲಾರರು. ಎರಡನೆಯದು ನಿಜವೋ ಸುಳ್ಳೋ ಎಂಬುದು ಎಲ್ಲರ ಕಣ್ಣೆದುರೇ ತೀರ್ಮಾನವಾಗುತ್ತದೆ. ಕಾಣದ ಅಧಿಕಾರಕ್ಕೆ ಕಾಣುವ ಸಾಕ್ಷಿಯೆಂಬಂತೆ ಆ ಮನುಷ್ಯ ಎದ್ದು, ಹಾಸಿಗೆ ಹೊತ್ತು ನಡೆದನೆನ್ನುತ್ತದೆ ಸುವಾರ್ತೆ. ಯೇಸುವಿನಲ್ಲಿ ದೇವರ ಅಧಿಕಾರವೇ ಇತ್ತೆಂಬ ಕ್ರೈಸ್ತರ ನಂಬಿಕೆಗೆ ಈ ಪ್ರಸಂಗ ಒಂದು ಆಧಾರ.

ಆ ಅಧಿಕಾರ ಇಂದು ನಡೆಯುವ ಬಗೆಯನ್ನು ಬಳ್ಳಾರಿಯಲ್ಲಿಯೇ ಎರಡು ರೀತಿಯಲ್ಲಿ ಕಾಣಬಹುದು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಪಾಪನಿವೇದನೆ ಇದೆ. ಗುರುಗಳು ದೇವರ ಹೆಸರಿನಲ್ಲಿ ಕ್ಷಮೆ ನೀಡುತ್ತಾರೆ, ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಭಕ್ತನು ನೇರವಾಗಿ ದೇವರಲ್ಲಿಯೇ ಅರಿಕೆ ಮಾಡಿಕೊಳ್ಳುತ್ತಾನೆ. ದಾರಿ ಬೇರೆಯಾದರೂ, ಕ್ಷಮೆ ದೇವರದು ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಹೊತ್ತವರು ನಾಲ್ವರು

ಈ ಕಥೆಯನ್ನು ತಪ್ಪಾಗಿ ಓದುವ ಅಪಾಯವೂ ಉಂಟು. ಕ್ಷಮೆಯಿಂದ ರೋಗ ಹೋಯಿತೆಂದರೆ, ಪಾಪದಿಂದಲೇ ರೋಗ ಬಂತೆಂದಲ್ಲವೇ? ಹುಟ್ಟುಗುರುಡನೊಬ್ಬನನ್ನು ತೋರಿಸಿ ಶಿಷ್ಯರು ಇದನ್ನೇ ಕೇಳಿದಾಗ, ಅವನೂ ಕಾರಣನಲ್ಲ, ತಂದೆತಾಯಿಯೂ ಅಲ್ಲ ಎಂದು ಯೇಸು ಉತ್ತರಿಸಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಆದರೂ ಹಾಸಿಗೆ ಹಿಡಿದವನ ಮುಂದೆ ‘ಮಾಡಿದ್ದುಣ್ಣೋ ಮಹರಾಯ’ ಎನ್ನುವವರು ಎಲ್ಲ ಮತಗಳಲ್ಲೂ ಇದ್ದಾರೆ. ರೋಗದ ನೋವಿಗಿಂತ ಈ ಮಾತಿನ ನೋವು ದೊಡ್ಡದು.

ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸಿರುಗುಪ್ಪ ಬಳ್ಳಾರಿಯಿಂದ ಸುಮಾರು 55 ಕಿ.ಮೀ. ಅಲ್ಲಿನ ಗದ್ದೆ ಬಯಲಿನಲ್ಲಿ ದುಡಿಯುವ ಹಿರಿಯರೊಬ್ಬರ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿತೆನ್ನಿ. ಅದು ಮಿದುಳಿನ ರಕ್ತನಾಳಕ್ಕೆ ಒದಗಿದ ಆಪತ್ತು. ಹೆಪ್ಪುಗಟ್ಟಿದ ರಕ್ತ ಕಾರಣವಾಗಿದ್ದರೆ, ಸ್ಕ್ಯಾನ್ ಮಾಡಿ, ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108ಕ್ಕೆ ಕರೆ ಮಾಡದೆ ಶಾಂತಿ, ಹರಕೆ, ಮಂತ್ರಿಸಿದ ಎಣ್ಣೆ ಎಂದು ಕಾದರೆ ಆ ಹೊತ್ತು ಮರಳಿ ಬಾರದು. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಜನ ಅದನ್ನು ವಿಮ್ಸ್ ಎಂದೇ ಗುರುತಿಸುತ್ತಾರೆ. ಪ್ರಾರ್ಥನೆ ಆಂಬುಲೆನ್ಸಿನೊಳಗೂ ಸಾಧ್ಯ.

ಕಪೆರ್ನೌಮಿನ ಆ ನಾಲ್ವರ ಹೆಸರು ಯಾರಿಗೂ ತಿಳಿಯದು. ಕ್ಷಮಿಸುವ, ಗುಣಪಡಿಸುವ ಅಧಿಕಾರ ಅವರದಾಗಿರಲಿಲ್ಲ. ಅವರು ರೋಗಿಯ ಪಾಪವನ್ನು ಲೆಕ್ಕ ಹಾಕುತ್ತ ಕೂರಲೂ ಇಲ್ಲ. ಬಾಗಿಲು ಮುಚ್ಚಿದ್ದರೆ ಮಾಳಿಗೆ ಹತ್ತಿದರು. ಕಥೆಯ ಪ್ರಕಾರ ಯೇಸು ಮೊದಲು ಗಮನಿಸಿದ್ದು ಅವರ ನಂಬಿಕೆಯನ್ನೇ. ದೇವರ ಕೆಲಸ ದೇವರಿಗಿರಲಿ. ಹೊರುವ ಕೆಲಸ ಮಾತ್ರ ಯಾವ ಮತದವರಿಗೂ, ಯಾವ ವಯಸ್ಸಿನವರಿಗೂ ನಿಷಿದ್ಧವಲ್ಲ.