ಐವತ್ತನೇ ರಾತ್ರಿ

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ದಾಟಿದಾಗ ಇನ್ನೂ ನಸುಕು. ನಾಲ್ಕನೇ ತರಗತಿಯ ನನ್ನ ಮಗ ಕಿಟಕಿಗೆ ಮೂಗು ಒತ್ತಿ ಕುಳಿತಿದ್ದ. ತೋರಣಗಲ್ಲು ಹತ್ತಿರವಾಗುತ್ತಿದ್ದಂತೆ ದೂರದಲ್ಲಿ ಸಾವಿರಾರು ದೀಪಗಳು ಕಂಡವು.

“ಅಪ್ಪಾ, ಅದು ಯಾವ ಊರು? ಜಾತ್ರೆನಾ?”

“ಜಾತ್ರೆ ಅಲ್ಲಪ್ಪ, ಉಕ್ಕಿನ ಕಾರ್ಖಾನೆ. ಅದರ ಟೌನ್‌ಶಿಪ್ಪಿನಲ್ಲಿ ಒಂದು ದೊಡ್ಡ ಹೋಟೆಲೂ ಇದೆ. ಹಯಾತ್ ಪ್ಲೇಸ್ ಹಂಪಿ ಅಂತ ಹೆಸರು.”

ಏಳನೇ ತರಗತಿಯ ಮಗಳು ಮೇಲಿನ ಬರ್ತಿನಿಂದಲೇ ಕೇಳಿದಳು: “ಅಲ್ಲಿ ನಿನ್ನ ಕಾರ್ಡು ನಡೆಯುತ್ತಾ?”

ನನ್ನ ಕೆಲಸವೇ ಊರೂರು ತಿರುಗುವುದು. ಕಾರ್ಖಾನೆಗಳಿಗೆ ಯಂತ್ರ ಮಾರುವ ಕಂಪನಿಯಲ್ಲಿದ್ದೇನೆ. ಪುಣೆ, ಹೈದರಾಬಾದ್, ಚೆನ್ನೈ ಎಂದು ವರ್ಷಕ್ಕೆ ನಲವತ್ತು, ಐವತ್ತು ರಾತ್ರಿ ಹೋಟೆಲಿನಲ್ಲೇ ಕಳೆಯುತ್ತೇನೆ. ಹೀಗೆ ತಿರುಗುವವರಿಗಾಗಿ ಹೋಟೆಲುಗಳು ಸದಸ್ಯತ್ವದ ಯೋಜನೆ ಇಟ್ಟಿರುತ್ತವೆ. ಉಳಿದುಕೊಂಡಾಗಲೆಲ್ಲ ಪಾಯಿಂಟು ಸಿಗುತ್ತದೆ. ಪಾಯಿಂಟು ಕೂಡಿದರೆ ಒಂದು ರಾತ್ರಿ ಪುಕ್ಕಟೆ. ಹೆಚ್ಚು ರಾತ್ರಿ ಉಳಿದವರಿಗೆ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಪದವಿಗಳು. ನನ್ನ ಮಕ್ಕಳಿಗೆ ಇಸ್ಪೀಟು ಎಲೆಗಿಂತ ಮೊದಲು ಪರಿಚಯವಾದದ್ದು ಈ ಕಾರ್ಡುಗಳೇ.

ಈ ಸಲ ನಾವು ಹೊರಟಿದ್ದು ಮಾತ್ರ ಯಾವ ಹೋಟೆಲಿಗೂ ಅಲ್ಲ, ನಮ್ಮೂರು ತಂಬ್ರಹಳ್ಳಿಗೆ. 2025ರ ಡಿಸೆಂಬರ್ 19, ಎಳ್ಳ ಅಮಾವಾಸ್ಯೆ. ಹೊಲಕ್ಕೆ ಚರಗ ಚೆಲ್ಲುವ ದಿನ.

ಹೊಸಪೇಟೆಯಲ್ಲಿ ಇಳಿದು ಬಸ್ಸು ಹತ್ತಿದೆವು. ಮರಿಯಮ್ಮನಹಳ್ಳಿಯ ಕಡೆ ತುಂಗಭದ್ರೆಯ ಹಿನ್ನೀರು ಬೆಳಗಿನ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. 1953ರಲ್ಲಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಎಷ್ಟೋ ಹಳ್ಳಿಗಳು ಅದರಡಿ ಮುಳುಗಿದವು ಎಂದು ಮಕ್ಕಳಿಗೆ ಹೇಳಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ಬಸ್ಸು. ಬಂಡೆ ರಂಗನಾಥಸ್ವಾಮಿಯ ಊರು ತಲುಪುವ ಹೊತ್ತಿಗೆ ಅವ್ವ ಬಾಗಿಲಲ್ಲೇ ನಿಂತಿದ್ದಳು.

“ಬಂದ್ರೇನಪ್ಪಾ? ಕಾಲು ತೊಳಕೊಂಡು ಒಳಗ ಬರ್ರಿ. ರೊಟ್ಟಿ ಬಿಸಿ ಅದಾವ.”

ಇಲ್ಲಿ ಗುರುತಿನ ಚೀಟಿ ಕೇಳುವವರಿಲ್ಲ.

ಜಗಲಿ ಮೇಲಿನ ಗಣಿತ

ಮಧ್ಯಾಹ್ನ ಹೊಲಕ್ಕೆ ಹೋಗುವುದಕ್ಕೆ ಮುಂಚೆ ಸ್ವಲ್ಪ ಬಿಡುವಿತ್ತು. ಒಳಗೆ ಅವ್ವ, ನನ್ನ ಹೆಂಡತಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಕಟ್ಟುತ್ತಿದ್ದರು. ಮಗಳು ನನ್ನ ಕಾರ್ಡುಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಜೋಡಿಸಿ, ನೋಟ್‌ಬುಕ್ ತೆರೆದಳು. “ಇದರಲ್ಲಿ ಯಾವುದು ಒಳ್ಳೇದು?”

ಮಕ್ಕಳೇ, ನೀವೂ ಲೆಕ್ಕ ಹಾಕುತ್ತ ಬನ್ನಿ.

ಅಮೆರಿಕದ ಮ್ಯಾರಿಯಟ್, ಹಿಲ್ಟನ್ ಸರಪಳಿಗಳ ಬಹುತೇಕ ಹೋಟೆಲುಗಳಲ್ಲಿ ಒಂದು ಡಾಲರ್ ಖರ್ಚಿಗೆ 10 ಪಾಯಿಂಟು. ಹಯಾತ್‌ನಲ್ಲಿ 5. ಮಗ ತಕ್ಷಣ, “ಹಾಗಾದ್ರೆ ಹಯಾತ್ ಮೋಸ!” ಎಂದ.

ಒಳಗಿನಿಂದ ಅವ್ವ ಕೇಳಿದಳು: “10 ಪಾವು ದೊಡ್ಡದೋ, 5 ಸೇರು ದೊಡ್ಡದೋ?”

ಮೊಮ್ಮಗ ಬೆಪ್ಪಾದ. ನಾಲ್ಕು ಪಾವು ಸೇರಿದರೆ ಒಂದು ಸೇರು. 10 ಪಾವು ಎಂದರೆ ಎರಡೂವರೆ ಸೇರು ಮಾತ್ರ. ಪಾಯಿಂಟಿನ ಲೆಕ್ಕವೂ ಹೀಗೆಯೇ. ಒಂದೊಂದು ಕಂಪನಿಯ ಪಾಯಿಂಟು ಒಂದೊಂದು ಅಳತೆಯದು. ಎಷ್ಟು ಕೊಡುತ್ತಾರೆ ಎಂಬುದರ ಜೊತೆಗೆ ಒಂದು ರಾತ್ರಿಗೆ ಎಷ್ಟು ಕೇಳುತ್ತಾರೆ ಎಂಬುದನ್ನೂ ನೋಡಬೇಕು.

ಅದಕ್ಕೊಂದು ಸುಲಭ ಉಪಾಯವಿದೆ. ಕೊಠಡಿಯ ಬಾಡಿಗೆಯನ್ನು ಅದೇ ಕೊಠಡಿಗೆ ಬೇಕಾದ ಪಾಯಿಂಟಿನಿಂದ ಭಾಗಿಸಿ. ಉದಾಹರಣೆಗೆ, ಬಾಡಿಗೆ 6,000 ರೂಪಾಯಿ, ಬೇಕಾದ ಪಾಯಿಂಟು 10,000 ಎಂದಿಟ್ಟುಕೊಳ್ಳಿ. ಆಗ ಒಂದು ಪಾಯಿಂಟಿನ ಬೆಲೆ 60 ಪೈಸೆ. ಡಾಲರಿಗೆ 10 ಪಾಯಿಂಟಿನಂತೆ ಅಷ್ಟನ್ನು ಕೂಡಿಸಲು 1,000 ಡಾಲರ್ ಖರ್ಚು ಮಾಡಬೇಕು. ಡಾಲರಿಗೆ 90 ರೂಪಾಯಿ ಹಿಡಿದರೆ 90,000 ರೂಪಾಯಿ. ದಿನಕ್ಕೆ 6,000ದ ಕೊಠಡಿಯಲ್ಲಿ ಎಷ್ಟು ರಾತ್ರಿ?

ಮಗಳು ಭಾಗಿಸಿ ಹೇಳಿದಳು: “ಹದಿನೈದು!”

ಹದಿನೈದು ರಾತ್ರಿ ಮನೆ ಬಿಟ್ಟು ಹೊರಗೆ ಮಲಗಿದರೆ, ಹದಿನಾರನೆಯ ರಾತ್ರಿಯೂ ಹೊರಗೆ ಮಲಗುವುದು ಪುಕ್ಕಟೆ!

ಇನ್ನೂ ಕೆಲವು ವ್ಯತ್ಯಾಸಗಳನ್ನು ಅವಳು ಬರೆದುಕೊಂಡಳು. ಹಯಾತ್ ಯಾವ ದರ್ಜೆಯ ಹೋಟೆಲಿಗೆ ಎಷ್ಟು ಪಾಯಿಂಟು ಎಂದು ಪಟ್ಟಿ ಪ್ರಕಟಿಸುತ್ತದೆ. ಮ್ಯಾರಿಯಟ್ ಮತ್ತು ಹಿಲ್ಟನ್ ಅಂಥ ಪಟ್ಟಿಯನ್ನು ಕೈಬಿಟ್ಟಿವೆ. ಅಲ್ಲಿ ಪಾಯಿಂಟಿನ ದರ ಸಂತೆಯ ಟೊಮೆಟೊ ದರದಂತೆ ದಿನದಿನಕ್ಕೆ ಏರಿಳಿಯುತ್ತದೆ. ಮ್ಯಾರಿಯಟ್‌ನಲ್ಲಿ ಪಾಯಿಂಟು ಕೊಟ್ಟು ಸತತ ಐದು ರಾತ್ರಿ ಉಳಿದರೆ ನಾಲ್ಕು ರಾತ್ರಿಯ ಪಾಯಿಂಟು ಸಾಕು. ಹಿಲ್ಟನ್‌ನಲ್ಲಿ ಇದೇ ರಿಯಾಯಿತಿ ಬೆಳ್ಳಿ ಮತ್ತು ಅದಕ್ಕಿಂತ ಮೇಲಿನ ಪದವಿಯವರಿಗೆ ಮಾತ್ರ. ಈ ಮೂರರಲ್ಲೂ 24 ತಿಂಗಳು ಏನೂ ವ್ಯವಹಾರ ಮಾಡದೆ ಸುಮ್ಮನಿದ್ದರೆ ಕೂಡಿಟ್ಟ ಪಾಯಿಂಟು ಅಷ್ಟೂ ಹೋಯಿತು. ಹಾಲಿಡೇ ಇನ್ ಹೋಟೆಲುಗಳ ಐಎಚ್‌ಜಿ ಯೋಜನೆಯಲ್ಲಿ ಪದವಿ ಇಲ್ಲದ ಸಾಮಾನ್ಯ ಸದಸ್ಯರಿಗೆ ಅವಧಿ ಇನ್ನೂ ಕಡಿಮೆ, 12 ತಿಂಗಳು.

ನಮ್ಮ ದೇಶದ ತಾಜ್ ಹೋಟೆಲುಗಳ ಯೋಜನೆ ಈಗ ಟಾಟಾ ಸಮೂಹದ ನ್ಯೂಕಾಯಿನ್ ಜೊತೆ ಸೇರಿಕೊಂಡಿದೆ. ಒಂದು ನ್ಯೂಕಾಯಿನ್ ಎಂದರೆ ಒಂದು ರೂಪಾಯಿ. ಪಾವು, ಸೇರಿನ ಗೊಂದಲವಿಲ್ಲ. “ಇದು ಅಜ್ಜಿಗೂ ಅರ್ಥ ಆಗುತ್ತೆ” ಎಂದ ಮಗ. “ನನಗ ಎಲ್ಲಾ ಅರ್ಥ ಆಗ್ತದ, ನೀ ರೊಟ್ಟಿ ತಿನ್ನು” ಎಂದಳು ಅವ್ವ.

ಈ ಆಟ ಬಹಳ ಹಳೆಯದೇನಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪದೇಪದೇ ಹಾರುವವರಿಗೆ ಮೈಲಿ ಲೆಕ್ಕದ ಬಹುಮಾನ ಶುರುಮಾಡಿತು. ಅದನ್ನು ನೋಡಿ 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲುಗಳೂ ಆರಂಭಿಸಿದವು. ಅಂಗಡಿಗಳಲ್ಲಿ ಸಾಮಾನು ಕೊಂಡವರಿಗೆ ಹಸಿರು ಸ್ಟಾಂಪು ಕೊಟ್ಟು, ಪುಸ್ತಕ ತುಂಬಿದಾಗ ಬಹುಮಾನ ಕೊಡುವ ಪದ್ಧತಿ ಮಾತ್ರ ಅಮೆರಿಕದಲ್ಲಿ 1896ರಲ್ಲೇ ಇತ್ತು.

ನಮ್ಮ ಕಡೆ ಇದಕ್ಕೆ ಕಾರ್ಡು ಇರಲಿಲ್ಲ, ಅಷ್ಟೇ. ನನ್ನ ಅಪ್ಪ ಶೇಂಗಾ ಮಾರಲು ಪೇಟೆಗೆ ಹೋದಾಗಲೆಲ್ಲ ಒಂದೇ ಲಾಡ್ಜಿನಲ್ಲಿ ಉಳಿಯುತ್ತಿದ್ದ. ಸೋಮವಾರ ಅಪ್ಪನದು ಒಪ್ಪೊತ್ತು ಎಂಬುದು ಪಕ್ಕದ ಖಾನಾವಳಿಯವರಿಗೂ ಗೊತ್ತಿತ್ತು. ಮಳೆ ಕೈಕೊಟ್ಟ ಒಂದು ವರ್ಷ ಲಾಡ್ಜಿನ ಯಜಮಾನರು ಬಾಡಿಗೆಯನ್ನು ಖಾತೆ ಪುಸ್ತಕದಲ್ಲಿ ಬರೆದುಕೊಂಡು, “ಮುಂದಿನ ಸುಗ್ಗಿಗೆ ಕೊಡುವಿರಂತೆ” ಎಂದಿದ್ದರಂತೆ. ಅಪ್ಪ ಮುಂದಿನ ಸುಗ್ಗಿಗೆ ಕೊಟ್ಟ. ಬೇರೆ ಲಾಡ್ಜಿಗೆ ಎಂದೂ ಹೋಗಲಿಲ್ಲ.

ತಪ್ಪಿದ ಚರಗ

“ಅಪ್ಪನ ಹತ್ತಿರ ಪ್ಲಾಟಿನಂ ಕಾರ್ಡು ಇದೆ ಅಜ್ಜಿ” ಎಂದು ಮಗಳು ಹೆಮ್ಮೆಯಿಂದ ಹೇಳಿದಳು. “ವರ್ಷಕ್ಕೆ ಐವತ್ತು ರಾತ್ರಿ ಆಗಬೇಕು. ಹೋದ ವರ್ಷ ಅಪ್ಪನದು ನಲವತ್ತೆಂಟಕ್ಕೇ ನಿಂತಿತ್ತು. ಅದಕ್ಕೆ ಕೊನೆಗೆ ಬೆಂಗಳೂರಲ್ಲೇ ಹೋಟೆಲಿನಲ್ಲಿ ಎರಡು ರಾತ್ರಿ ಮಲಗಿದ್ರು. ನಾವೂ ಹೋಗಿ ಈಜುಕೊಳದಲ್ಲಿ ಆಡಿದ್ವಿ!”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಯಾವಾಗ?”

“ಡಿಸೆಂಬರ್ 29, 30.”

2024ರ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಕಾರ್ಡಿನ ವರ್ಷ ಮುಗಿಯುವುದು 31ಕ್ಕೆ. ಚರಗಕ್ಕೆ ಬರುತ್ತೇನೆ ಎಂದಿದ್ದ ನಾನು ಹಿಂದಿನ ದಿನ ಫೋನು ಮಾಡಿ, “ಆಫೀಸಿನ ಕೆಲಸ ಬಂತವ್ವಾ, ಆಗಲ್ಲ” ಎಂದಿದ್ದೆ. ಅವ್ವ, “ಆಗಲೇಳಪ್ಪ, ಕೆಲಸ ಮುಖ್ಯ” ಎಂದಿದ್ದಳು. ನನ್ನ ಮನೆಯಿಂದ ಆಟೋ ಹಿಡಿದರೆ ಅರ್ಧ ಗಂಟೆಯ ದೂರದ ಹೋಟೆಲಿಗೆ ಚೀಲ ಹಿಡಿದು ಹೋಗಿದ್ದೆ.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಾನು ತಲೆ ತಗ್ಗಿಸಿದೆ.

“ಸುಳ್ಳು ಹೇಳಿದ್ದೆನವ್ವಾ.”

“ನಿನ್ನ ಊರಾಗ ನೀನೇ ಬಾಡಿಗಿ ಕೊಟ್ಟು ಮಲಗಿದ್ಯಾ? ಎಷ್ಟಾತು?”

“ರಾತ್ರಿಗೆ ಏಳು ಸಾವಿರ. ತೆರಿಗೆ ಸೇರಿ ಎರಡು ರಾತ್ರಿಗೆ 15,680 ರೂಪಾಯಿ.”

ಅವ್ವ ನಕ್ಕಳು. ನನಗೂ ನಗು ಬಂತು. ಆಮೇಲೆ ಅವಳು ಕಂಬಕ್ಕೆ ಒರಗಿ ಕುಳಿತು ಹೇಳಿದಳು: “ಅವತ್ತು ಬಂಡಿ ಹೂಡಾಕ ಯಾರೂ ಸಿಗಲಿಲ್ಲ. ಎದುರು ಮನಿ ಹುಡುಗನ ಕೈಲಿ ಬುಟ್ಟಿ ಹೊರಿಸಿಕೊಂಡು ನಡಕೊಂಡೇ ಹೋದೆ. ನಾನೇ ಚೆಲ್ಲಿ ಬಂದೆ. ನಿಮ್ಮ ಪಾಲಿನ ಹೋಳಿಗಿ ಅವನಿಗೇ ಕೊಟ್ಟೆ.”

ಬೈದಿದ್ದರೆ ಚೆನ್ನಾಗಿತ್ತು. ಮಗಳು ನೋಟ್‌ಬುಕ್ ಮುಚ್ಚಿ ನನ್ನ ಮುಖ ನೋಡಿದಳು.

ಆ ಪ್ಲಾಟಿನಂ ಪದವಿಯಿಂದ ನನಗೆ ಸಿಕ್ಕಿದ್ದೇನು? ಬೆಳಗಿನ ತಿಂಡಿ ಉಚಿತ. ಆದರೆ ನನ್ನ ವಿಮಾನ ಹೆಚ್ಚಾಗಿ ತಿಂಡಿಗೆ ಮುಂಚೆಯೇ ಇರುತ್ತದೆ. ಸಂಜೆ ನಾಲ್ಕರವರೆಗೆ ಕೊಠಡಿಯಲ್ಲಿ ಇರಬಹುದು. ಎಂಟಕ್ಕೇ ಕಾರ್ಖಾನೆಯಲ್ಲಿರುವವನಿಗೆ ಅದರಿಂದೇನು? ಕೊಠಡಿ ಖಾಲಿ ಇದ್ದರೆ ದೊಡ್ಡದು ಕೊಡುತ್ತಾರೆ. ಒಬ್ಬನೇ ಮಲಗುವವನಿಗೆ ಅದೂ ಅಷ್ಟಕ್ಕಷ್ಟೆ. ಯಾವ ಕಾರ್ಡು ಒಳ್ಳೆಯದು ಎಂದು ವರ್ಷಗಟ್ಟಲೆ ಹೋಲಿಸಿದ ನಾನು ಈ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ.

ಹೊಲದ ಹಾದಿ

ಸಂಜೆಗೆ ಮುಂಚೆ ಬಂಡಿಯಲ್ಲಿ ಹೊಲಕ್ಕೆ ಹೋದೆವು. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜೆ ಮಾಡಿ, ಎಡೆ ಹಿಡಿದೆವು. ಅವ್ವ ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಚೆಲ್ಲುತ್ತ ಮುಂದೆ, ಮಗ ತಂಬಿಗೆ ನೀರು ಚಿಮುಕಿಸುತ್ತ ಹಿಂದೆ. ನಾಲ್ಕೂ ಬದು ಸುತ್ತಿ ಬಂದು, ಎಲ್ಲರೂ ಸಾಲಾಗಿ ಕುಳಿತು ಉಂಡೆವು.

ಮರುದಿನ ನಮ್ಮ ತಾಲ್ಲೂಕಿನದೇ ಆದ ಅಂಕಸಮುದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆ. ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ ಅದು. ವಿಸ್ತಾರ ಸುಮಾರು 98 ಹೆಕ್ಟೇರು. ಇಂದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ ರಾಮ್ಸರ್ ಪಟ್ಟಿ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ನೀರಿನೊಳಗೇ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲುಗಳ ಸಂತೆಯೇ ನೆರೆದಿತ್ತು. ಗೂಡು ಕಟ್ಟಲೋ ರಾತ್ರಿ ತಂಗಲೋ ಇಲ್ಲಿಗೆ ಬರುವ ನೀರ್ಹಕ್ಕಿಗಳು 30,000ಕ್ಕೂ ಹೆಚ್ಚು.

“ಇವಕ್ಕೆ ಪಾಯಿಂಟು ಇಲ್ಲ, ಆದರೂ ವರ್ಷಾ ವರ್ಷಾ ಬರ್ತಾವೆ” ಎಂದ ಮಗ.

“ನೀರು, ಮೀನು, ಮರ ಇದೆಯಲ್ಲ. ಮರಿ ಮಾಡಲು ಜಾಗ ಚೆನ್ನಾಗಿದೆ ಅಂತ ಬರುತ್ತವೆ” ಎಂದಳು ಅಕ್ಕ. ಸರಿಯಾದ ಉತ್ತರ ಅನ್ನಿಸಿತು.

ತಿರುಗಾಟ ಹೆಚ್ಚಿರುವ ಮಕ್ಕಳು, ಅಳಿಯ, ಸೊಸೆ ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಹೇಳಲು ಒಂದೆರಡು ಮಾತು. ಈ ದೊಡ್ಡ ಸರಪಳಿಗಳ ಸಾಮಾನ್ಯ ಸದಸ್ಯತ್ವಕ್ಕೆ ಹಣವಿಲ್ಲ, ಆದ್ದರಿಂದ ಸೇರುವುದರಲ್ಲಿ ನಷ್ಟವಿಲ್ಲ. ನೀವು ಹೇಗೂ ಹೋಗುವ ಊರಲ್ಲಿ ಯಾವ ಹೋಟೆಲಿದೆಯೋ ಅದರ ಕಾರ್ಡೇ ನಿಮಗೆ ಒಳ್ಳೆಯ ಕಾರ್ಡು. ಹೋಟೆಲಿನಲ್ಲೇ ನೇರವಾಗಿ ಕಾಯ್ದಿರಿಸಿ. ಬೇರೆ ಆ್ಯಪ್‌ಗಳ ಮೂಲಕ ಮಾಡಿದರೆ ಸಾಮಾನ್ಯವಾಗಿ ಪಾಯಿಂಟು ಸಿಗುವುದಿಲ್ಲ. ಕೂಡಿಟ್ಟು ಕಾಯದೆ ಬಳಸಿಬಿಡಿ. ಅಜ್ಜ ಅಜ್ಜಿಯರೇ, “ನಿಮ್ಮ ಪಾಯಿಂಟು ಮುಗಿಯುತ್ತಿದೆ, ಒಟಿಪಿ ಹೇಳಿ” ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ಕೊನೆಯದಾಗಿ, ಕಾರ್ಡಿಗೋಸ್ಕರ ಒಂದು ರಾತ್ರಿಯನ್ನೂ ಹೊರಗೆ ಕಳೆಯಬೇಡಿ.

ಹೊರಡುವ ದಿನ ಮಗಳು ನೋಟ್‌ಬುಕ್ಕಿನಲ್ಲಿ ಹೊಸ ಪಟ್ಟಿ ಬರೆದಿದ್ದಳು. “ಅಪ್ಪ, 2025. ಹೋಟೆಲ್ 41 ರಾತ್ರಿ. ತಂಬ್ರಹಳ್ಳಿ 5 ರಾತ್ರಿ.” ಅಜ್ಜಿಗೆ ಓದಿ ಹೇಳಿದಳು. ಈ ವರ್ಷ ಪ್ಲಾಟಿನಂ ಹೋಗುತ್ತದೆ, ಹೋಗಲಿ.

ಅವ್ವ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ನಾ ಬೆಂಗಳೂರಿಗೆ ಬಂದು ನಿಮ್ಮ ಮನ್ಯಾಗ ಎಷ್ಟು ರಾತ್ರಿ ಇದ್ದೆ? ಅದನ್ನೂ ಬರಿ.”

ಮಗಳು ಪೆನ್ನು ಹಿಡಿದು ನನ್ನ ಕಡೆ ನೋಡಿದಳು. ಆ ಮನೆಯಲ್ಲಿ ಮೆಟ್ಟಿಲು ಹೆಚ್ಚು, ಅವ್ವನಿಗೆ ಮೊಣಕಾಲು ನೋವು, ನನಗೆ ಪುರುಸೊತ್ತಿಲ್ಲ ಎಂದು ನಾನು ಒಮ್ಮೆಯೂ ಕರೆದುಕೊಂಡು ಬಂದಿರಲಿಲ್ಲ. ಅವಳು ಸೊನ್ನೆ ಬರೆದಳು.

ಯುಗಾದಿಗೆ ಅವ್ವ ಬರುವುದೆಂದು ಮಾತಾಗಿದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಅವಳಿಗೆ ಕೆಳಗಿನ ಬರ್ತು ಸಿಗುವ ಹಾಗೆ ನಾನೇ ಹೋಗಿ ಕರೆದುಕೊಂಡು ಬರಬೇಕು.