ಕಾರ್ ಶೆಡ್ಡಿಗೆ ಬೆಳಕು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಕಾರ್ ಶೆಡ್ಡೇ ಬಾಡಿಗೆ ಕೋಣೆಯಾಗುವುದು ಹೊಸತೇನಲ್ಲ. ಗೋಡೆಗೆ ಸುಣ್ಣ, ನೆಲಕ್ಕೆ ಟೈಲ್ಸ್, ಮೂಲೆಯಲ್ಲೊಂದು ಸಿಂಕ್, ಮುಗಿಯಿತು. ಬೆಳಕಿಗೆ? ನಡುವೆ ಒಂದೇ ಒಂದು ಬಿಳಿ ಟ್ಯೂಬ್‌ಲೈಟ್. ಅದರಡಿ ಕೂತವರೆಲ್ಲ ಆಸ್ಪತ್ರೆಗೆ ಬಂದವರ ಹಾಗೆ ಕಾಣುತ್ತಾರೆ.

ತಗ್ಗು ಚಾವಣಿಯ ಕೋಣೆಗೆ ನೇತಾಡುವ ದೀಪ ಬೇಡ, ತಲೆಗೆ ಬಡಿಯುತ್ತದೆ. ಗೋಡೆಗೆ ಎರಡು-ಮೂರು ದೀಪ ಹಾಕಿಸಿ, ಬೆಳಕು ಮೇಲಕ್ಕೆ ಬೀಳಲಿ. ಬಿಳಿ ಚಾವಣಿಗೆ ತಾಗಿ ಹರಡಿದರೆ ಕೋಣೆ ಎತ್ತರ ಕಾಣುತ್ತದೆ. ಬಲ್ಬ್ ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ, ಡಬ್ಬಿಯ ಮೇಲಿನ ಕೆಲ್ವಿನ್ ಅಂಕಿಯನ್ನೂ ನೋಡಿ. 6500 ಅಂದರೆ ನೀಲಿ ಛಾಯೆಯ ಬಿಳಿ, 3000ದ ಆಸುಪಾಸು ಅಂದರೆ ಹಳದಿ. ಕೂರುವ, ಮಲಗುವ ಕಡೆ ಹಳದಿಯೇ ಚೆಂದ. ಒಲೆಯ ಮೇಲೆ 4000 ಇರಲಿ. ಸ್ವಿಚ್ಚುಗಳು ಮಾತ್ರ ಬೇರೆಬೇರೆ.

ಹಗಲು ಹೊತ್ತಿನಲ್ಲಿ ದೀಪವಾದರೂ ಯಾಕೆ? ಮಲೆನಾಡಿನ ಮನೆಗಳಲ್ಲಿ ಹೆಂಚಿನ ನಡುವೆ ಒಂದೆರಡು ಗಾಜಿನ ಹೆಂಚು ಹಾಕಿ ಅಡುಗೆಮನೆ ಬೆಳಗಿಸುತ್ತಾರಲ್ಲ, ಆ ಉಪಾಯ ಶೀಟಿನ ಸೂರಿಗೂ ಆಗುತ್ತದೆ: ಬೆಳಕು ಬಿಡುವ ಶೀಟ್ ಒಂದಿದ್ದರೆ ಸಾಕು. ಶಟರ್ ಕಿತ್ತ ಜಾಗಕ್ಕೆ ಪೂರ್ತಿ ಗೋಡೆ ಎಬ್ಬಿಸುವ ಮಾಲೀಕರೇ, ದಯವಿಟ್ಟು ದೊಡ್ಡದೊಂದು ಕಿಟಕಿ ಇಡಿಸಿ. ಬಾಡಿಗೆ ಮಾತು ಆಮೇಲೆ ಆಡೋಣ.