ಮಡಿಕೇರಿಯ ಏರು, ಪೆಟ್ರೋಲಿನ ಲೆಕ್ಕ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ದಸರೆಯ ರಜೆಯಲ್ಲಿ ಕುಟುಂಬಸಮೇತನಾಗಿ ಹೊರಟಾಗ ಟ್ಯಾಂಕ್ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದುಕೊಂಡೆ. ಓಡಿದ ದೂರವನ್ನು ಮರಳಿ ತುಂಬಿಸಿದ ಲೀಟರುಗಳಿಂದ ಭಾಗಿಸಿದರೆ ಗಾಡಿಯ ನಿಜವಾದ ಹಸಿವು ತಿಳಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣಗಳವರೆಗೆ ಹಾದಿ ಸುಗಮ. ಆದರೆ ಗಾಡಿಯ ನೆತ್ತಿಯ ಮೇಲೆ ಬಿಗಿದ ಪೆಟ್ಟಿಗೆಗಳು ಗಾಳಿಗೆ ಎದೆಯೊಡ್ಡಿದ್ದವು. ವೇಗ ಇಮ್ಮಡಿಯಾದರೆ ಗಾಳಿಯ ಪ್ರತಿರೋಧ ನಾಲ್ಮಡಿಯಾಗುವುದೆಂಬುದನ್ನು ಮರೆತು ನಾನು ಅವಸರಪಟ್ಟೆ.

ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದ ಮೇಲೆ ಏರು ಮೊದಲಾಯಿತು. ಕಾಫಿ ತೋಟಗಳ ನೆರಳು, ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ, ಸುಂಟಿಕೊಪ್ಪದಾಚೆಯ ಮಂಜು! ಮಕ್ಕಳಿಗೆ ಹಿಗ್ಗು, ಎಂಜಿನ್ನಿಗೆ ಏದುಸಿರು. ಜನರೂ ಸಾಮಾನೂ ಸೇರಿ 1,200 ಕಿಲೋ ತೂಗುವ ಗಾಡಿಯನ್ನು 300 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು ಅರ್ಧ ಲೀಟರ್ ಹೆಚ್ಚಾಗಿ ಬೇಕು. ಪೆಟ್ರೋಲಿನ ಶಕ್ತಿಯ ಬಹುಪಾಲು ಬರಿಯ ಬಿಸಿಯಾಗಿ ಹೋಗುವುದೇ ಇದಕ್ಕೆ ಕಾರಣ.

ಹಿಂದಿರುಗುವಾಗ ಆ ಖರ್ಚನ್ನು ಇಳಿಜಾರಿನಲ್ಲಿ ಮರಳಿ ಗಳಿಸುವ ಆಸೆಯಿಂದ ಗಾಡಿಯನ್ನು ನ್ಯೂಟ್ರಲ್‌ಗೆ ತಂದೆ. ಕೆಲವು ತಿರುವುಗಳು ಕಳೆಯುವಷ್ಟರಲ್ಲಿ ಬ್ರೇಕಿನಿಂದ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿದ್ದರು. ನನ್ನ ಎದೆ ನಡುಗಿತು. ಗಾಡಿ ನಿಲ್ಲಿಸಿ, ಬ್ರೇಕು ಆರಿದ ಮೇಲೆ ಕೆಳಗಿನ ಗೇರಿನಲ್ಲಿ ಮೆಲ್ಲನೆ ಇಳಿದೆ.

ಇಂದಿನ ಎಂಜಿನ್ನು ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಪೆಟ್ರೋಲನ್ನು ತಾನೇ ತಡೆಯುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಕುಡಿಯುತ್ತಲೇ ಇರುತ್ತದೆ. ಮಕ್ಕಳ ಪ್ರಾಣವನ್ನು ಪಣವಿಟ್ಟು ನಾನು ಉಳಿಸಹೊರಟದ್ದು ಉಳಿತಾಯವೇ ಆಗಿರಲಿಲ್ಲ.